ಅಂಗಾಲು ಬಲ್ಲ ಹೊಳೆ

ಅಯ್ಯನವರ ಬೆರಳು ಮುರಗೆಪ್ಪನ ಎದೆಯ ಮೇಲಿನ ಲಿಂಗದ ಕರಡಿಗೆಗೆ ತಾಗುವ ಮೊದಲೇ ಸಕ್ಕುಬಾಯಿ ಅದನ್ನು ಅಂಗೈಯಿಂದ ಮುಚ್ಚಿದಳು.

"ಸ್ವಲ್ಪ ತಡೀರಿ, ಅಯ್ಯಾರ."

"ತಡದ್ರ ಹೆಂಗವ್ವಾ? ಬಿಸಲ ಏರಾಕತ್ತೈತಿ. ಲಿಂಗ ತಗದು ಕೈಯಾಗ ಇಡಬೇಕು, ಪೂಜಿ ಆಗಬೇಕು. ಆಮ್ಯಾಲ ಮಣ್ಣು."

ಗಂಡನ ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಹಿಂದಿನ ಸಂಜೆ ಗಿರಣಿಯಲ್ಲಿ ಯಾರದೋ ಜೋಳ ಬೀಸುತ್ತಿದ್ದವನು ಮಷೀನು ನಿಲ್ಲಿಸಿ ಚೀಲದ ಮೇಲೆ ಕುಳಿತಿದ್ದ, ಮತ್ತೆ ಏಳಲಿಲ್ಲ. ಎಷ್ಟು ತೊಳೆದರೂ ಹುಬ್ಬಿನ ಸಂದಿಯಲ್ಲಿ ಹಿಟ್ಟಿನ ಬಿಳುಪು ಉಳಿದೇ ಇತ್ತು. ಪಾಲಬಾವಿಯಿಂದ ಸಕ್ಕುಬಾಯಿಯ ತವರಿನವರು ಬಂದಿದ್ದರು. ಅಂಗಳದಲ್ಲಿ ಭಜನೆಯವರು ಸಣ್ಣಗೆ ತಾಳ ಕುಟ್ಟುತ್ತಿದ್ದರು. ಪಕ್ಕದ ಮನೆಯ ಜೈನರ ಧನಪಾಲ ಬಾಗಿಲಲ್ಲಿ ನಿಂತಿದ್ದ. ಅವನ ತಾಯಿ, ಎಂಬತ್ತು ದಾಟಿದ ಸುಗಂಧಾಬಾಯಿ, ಹೊಸ್ತಿಲಿಗೆ ಆತು ಕುಳಿತಿದ್ದಳು.

"ವೈನಿ, ಕೈ ತಗೀರಿ," ಎಂದ ಮಲ್ಲೇಶ, ಮುರಗೆಪ್ಪನ ತಮ್ಮ.

ಸಕ್ಕುಬಾಯಿ ಕೈ ತೆಗೆದಳು. ಅಯ್ಯನವರು ಮುಚ್ಚಳ ತಿರುವಿದರು. ಒಳಗೆ ಒಗೆದು ನಾಲ್ಕು ಮಡಿಕೆ ಮಾಡಿದ ಬಿಳಿ ಅರಿವೆಯ ತುಂಡು. ಅದನ್ನು ಬಿಡಿಸಿದರು. ಕೊಡವಿದರು. ಏನೂ ಬೀಳಲಿಲ್ಲ.

ಅಂಗಳದ ತಾಳ ನಿಂತಿತು.

"ಲಿಂಗ ಎಲ್ಲಿ, ವೈನಿ?"

"ಇಲ್ಲ. ಮಹಾಪೂರ ಬಂದಾಗಿಂದ ಇಲ್ಲ."

"ಅಂದ್ರ ಇಷ್ಟು ವರ್ಷ ಲಿಂಗ ಇಲ್ಲದ ಬರೇ ಕೊಳ್ಳಲೇ ನಮ್ಮ ಪಂಕ್ತ್ಯಾಗ ಕುಂತು ಉಂಡಾನ?" ಮಲ್ಲೇಶನ ದನಿ ಏರಿತು. "ಲಿಂಗಾನ ಅರಿವ್ಯಾಗ ಕಟ್ಟಿಕೊಳ್ಳಾಂವ ಒಮ್ಮಿಗಲೇ ಬೆಳ್ಳಿ ಕರಡಿಗಿ ಹಾಕ್ಕೊಂಡಾಗ, ಹೊಳ್ಯಾಗ ಬಂಗಾರ ಸಿಕ್ಕಿರಬೇಕು ಅಂತ ಮಂದಿ ನಕ್ಕಿದ್ರು. ನಾನೂ ನಕ್ಕಿದ್ದೆ."

"ಎಲ್ಲೆರೆ ಕುಡದು ಬಿದ್ದಾಗ ಹೋಗಿರಬೇಕ ತಗೋ," ಎಂದು ಹಿಂದಿನಿಂದ ಒಬ್ಬ ಪಿಸುಗುಟ್ಟಿದ.

"ಬಾಯಿ ಮುಚ್ಚಲೇ. ಅಂವ ಚಾ ಸೈತ ಕುಡೀತಿದ್ದಿಲ್ಲ," ಎಂದು ಇನ್ನೊಬ್ಬ ಗದರಿದ.

ಅಯ್ಯನವರು ಕರಡಿಗೆಯನ್ನು ಕೆಳಗಿಟ್ಟರು. "ಹೆಂಗ ಹೋತವ್ವಾ? ಹೇಳು. ಹೇಳಿದ್ರ ಒಂದ ದಾರಿ ಸಿಕ್ಕೀತು."

ಸಕ್ಕುಬಾಯಿಯ ಕಣ್ಣು ಒಮ್ಮೆ ಹೊಸ್ತಿಲ ಕಡೆ ಹೋಗಿ, ಮುದುಕಿಯ ಮೇಲೆ ನಿಂತು, ಹಿಂದಕ್ಕೆ ಬಂದಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

*

ಮಹಾಪೂರದ ಆ ಆಗಸ್ಟಿನಲ್ಲಿ ಕೃಷ್ಣೆ ಕುಡಚಿಯ ಕೆಳಗಿನ ಓಣಿಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡಿದ್ದಳು. ಹೆಂಡತಿ ಮಕ್ಕಳನ್ನು ಶೇಡಬಾಳದ ನಂಟರ ಮನೆಗೆ ಬಿಡಲು ಹೋಗಿದ್ದ ಧನಪಾಲ, ಸೇತುವೆ ಮುಳುಗಿ ಆಚೆಯ ದಂಡೆಯಲ್ಲೇ ಸಿಕ್ಕಿಕೊಂಡ. ಮುರಗೆಪ್ಪ ಎದೆಮಟ್ಟದ ನೀರಿನಲ್ಲಿ ಸುಗಂಧಾಬಾಯಿಯನ್ನು ಬೆನ್ನ ಮೇಲೆ ಹೊತ್ತು ನಡೆದ.

ಎಲ್ಲರೂ ಬೀಡುಬಿಟ್ಟಿದ್ದ ಸಾಲೆಯ ಪಡಸಾಲೆಗೆ ಅವನು ಬಂದಾಗ ಒಂದು ಕೈ ಕೊರಳ ಮೇಲಿತ್ತು. ಸಕ್ಕುಬಾಯಿ ಒಣ ಪಂಚೆ ಕೊಟ್ಟಳು. ಅವನು ತೆಗೆದುಕೊಳ್ಳಲಿಲ್ಲ.

"ಬೇವಿನ ಗಿಡದ ಹಂತ್ಯಾಕ ಕಾಲ ಜಾರಿತು. ಮುದುಕಿ ಅಂಜಿ ಕೊಳ್ಳ ಹಿಡಕೊಂಡ್ಳು. ದಾರ ಹರೀತು," ಎಂದ ಮೆಲ್ಲಗೆ.

"ಕೈಲೆ ಹಿಡೀಬೇಕಿಲ್ಲೇನ್ರಿ?"

"ಎರಡೂ ಕೈಯಾಗ ಆಕಿನ ಇದ್ಳಲ್ಲ."

ಸಕ್ಕುಬಾಯಿಗೆ ಅಳು ಬಂತು. ಅವನು ಕೂಸಾಗಿದ್ದಾಗ ತಾಯಿಯ ಮಡಿಲಲ್ಲಿ ಕಟ್ಟಿಸಿಕೊಂಡ ಲಿಂಗ ಅದು. ಅವನು ಅವಳ ಮೊಣಕೈ ಹಿಡಿದ.

"ಯಾರ ಮುಂದೂ ಅನಬ್ಯಾಡ. ಆ ಮುದಿ ಜೀವಕ್ಕ ತಿಳೀತಂದ್ರ, ಉಳದಿದ್ದಕ್ಕನ ಕೊರಗಿ ಸಾಯತೈತಿ. ನನ್ನ ಮ್ಯಾಲ ಆಣಿ."

*

"ಲಿಂಗ ಇಲ್ಲದಾಂವನ್ನ ಅಪ್ಪನ ಮಗ್ಗಲಕ ಇಡಾಕ ಬರೂದಿಲ್ಲ. ಕುಣಿ ಬ್ಯಾರೆ ಕಡೆ ತೋಡಸ್ರಿ," ಎಂದ ಮಲ್ಲೇಶ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಹೆದರಿದವನಂತೆ ಅಣ್ಣನ ಮುಖ ನೋಡಲಾರದೆ ಹೊರಗೆ ನೋಡಿದ.

ಸಕ್ಕುಬಾಯಿ ಆಗಲೂ ಸೆರಗನ್ನು ಬಾಯಿಂದ ತೆಗೆಯಲಿಲ್ಲ. ಧನಪಾಲ ಅವಳನ್ನೇ ದಿಟ್ಟಿಸುತ್ತಿದ್ದ.

*

ಮಹಾಪೂರದ ನಂತರ ಪ್ರತಿ ಬೇಸಿಗೆಯಲ್ಲಿ ಹೊಳೆ ತಗ್ಗಿದಾಗ ಊರಿನೊಳಗಿನ ಇನ್ನೊಂದು ಊರು ಮೇಲೇಳುತ್ತಿತ್ತು. ಜನ ಬಿಟ್ಟುಹೋದ ಕೆಳಗಿನ ಓಣಿಯ ಹಾಸುಗಲ್ಲು, ಹೂಳು ತುಂಬಿದ ಬಾವಿಯ ಕಟ್ಟೆ, ಬಾಗಿಲಿಲ್ಲದ ಚೌಕಟ್ಟು. ಗಿರಣಿಗೆ ಕರೆಂಟು ಇಲ್ಲದ ಹೊತ್ತಿನಲ್ಲಿ ಮುರಗೆಪ್ಪ ಅಲ್ಲಿರುತ್ತಿದ್ದ. ಪಂಚೆ ಎತ್ತಿ ಕಟ್ಟಿ, ಮೊಣಕಾಲ ನೀರಿಗಿಳಿದು, ಅಂಗಾಲನ್ನು ರಾಡಿಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದ. ಸಿಕ್ಕದ್ದನ್ನು ತೊಳೆದು ಗಿರಣಿಯ ಕಿಟಕಿಯಲ್ಲಿ ಇಡುತ್ತಿದ್ದ. ಕಾಲುಂಗುರ, ಹಿತ್ತಾಳೆಯ ಸೌಟು, ದೇವರ ಮನೆಯ ಗಂಟೆ. ಹಿಟ್ಟಿಗೆ ಬಂದವರು ತಮ್ಮದನ್ನು ಕಂಡರೆ ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು.

ಒಂದು ಸಲ ಧನಪಾಲನೂ ಜೊತೆಗೆ ಇಳಿದಿದ್ದ.

"ಏನ ಮುರಗೆಪ್ಪಣ್ಣಾ, ಹೊಳೀಗೆ ಗಿಲಾವು ಮಾಡಾಕತ್ತೀಯೇನ? ಕಾಲಲೇ ಏನ ತಿಳೀತೈತೊ?"

"ಕಣ್ಣಿಗೆ ರಾಡಿ ಅಷ್ಟ ಕಾಣತೈತಿ. ಅಂಗಾಲಿಗೆ ಎಲ್ಲಾ ತಿಳೀತೈತಿ. ಕಲ್ಲ ಬ್ಯಾರೆ, ಕಬ್ಬಿಣ ಬ್ಯಾರೆ."

"ಕೆಳಗಿನ ಓಣಿ ತುಂಬ ಬಿಟ್ಟು ಈ ಬೇವಿನ ಬುಡಕ್ಕ ಯಾಕ ಸುತ್ತತೀ? ನಿಂದೇನರೆ ಕಳದೈತೇನ?"

ಮುರಗೆಪ್ಪ ಬಾಗಿ ಒಂದು ಕರಿಯ ಹರಳನ್ನು ಎತ್ತಿದ. ಬೆರಳಲ್ಲಿ ಹೊರಳಿಸಿ, ಬಹಳ ಹೊತ್ತು ನೋಡಿ, ಇದ್ದಲ್ಲೇ ಇಟ್ಟ.

"ನಂದೇನೈತೋ. ಮಂದೀದು ಸಿಗತಾವು."

*

"ನಿಂದರ್ರಿ," ಎಂದಳು ಸುಗಂಧಾಬಾಯಿ.

ಯಾರೂ ಅವಳ ಕಡೆ ಲಕ್ಷ್ಯ ಕೊಟ್ಟಿರಲಿಲ್ಲ. ಅವಳು ಹೊಸ್ತಿಲು ಹಿಡಿದು ಏಳಲು ನೋಡಿ, ಆಗದೆ, ಕುಳಿತಲ್ಲಿಂದಲೇ ಸರಿಯುತ್ತ ಒಳಗೆ ಬಂದಳು.

"ಒಂದು ದಾರ ಹರದಿತ್ತು. ನನ್ನ ಕೈಯಾಗ ಹರದಿತ್ತು. ಬೇವಿನ ಗಿಡದ ಹಂತ್ಯಾಕ."

"ಆಯಿ, ಸುಮ್ಮನಿರ್ರಿ," ಎಂದಳು ಸಕ್ಕುಬಾಯಿ ಗಾಬರಿಯಿಂದ. "ನಿಮಗೇನ ನೆಪ್ಪ ಐತಿ? ಅವತ್ತ ನಿಮಗ ಎಚ್ಚರ ಇದ್ದಿದ್ದಿಲ್ಲ."

"ಎಚ್ಚರ ಇತ್ತವ್ವಾ. ಗಂಟಿನಂಥದ್ದು ಬೆರಳಾಗ ಬಂತು. ತಾಯತ ಇರಬೇಕು ಅಂದ್ಕೊಂಡೆ. ಬಿಟ್ಟೆ. ಬಿಟ್ಟು ಮತ್ತ ಅವನ ಕೊಳ್ಳ ಹಿಡಕೊಂಡೆ." ಅವಳು ತನ್ನ ಎಡಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. "ಅರೇ ದೇವಾ. ದಿನಾ ನಮ್ಮನಿ ಹಿಟ್ಟ ತಾನ ತಂದು ಕೊಡತಿದ್ದಾ. ಬಾಳಾ, ನನ್ನ ಕೂಸ, ಒಂದ ಮಾತ ಅನಲಿಲ್ಲಲ್ಲೊ ನೀ."

ಧನಪಾಲ ಗೋಡೆ ಹಿಡಿದು ನಿಂತ. ಸಕ್ಕುಬಾಯಿ ಹೋಗಿ ಮುದುಕಿಯನ್ನು ತಬ್ಬಿಕೊಂಡು, ಬೆಳಗಿನಿಂದ ತಡೆದದ್ದೆಲ್ಲ ಒಡೆದು ಅತ್ತಳು.

"ಆಣಿ ಹಾಕಿದ್ರು, ಆಯಿ. ನಾ ಹೇಳಿಲ್ಲ. ನಾ ಹೇಳಿಲ್ಲ ನೋಡ್ರಿ."

ಮಲ್ಲೇಶ ಅಣ್ಣನ ಪಾದದ ಬಳಿ ಕುಕ್ಕರಿಸಿದ. ಆ ಅಂಗಾಲುಗಳು ನೀರು ಕುಡಿದು ಕುಡಿದು ಬೆಳ್ಳಗೆ ಸೀಳಿದ್ದವು. ಅವನು ಅವುಗಳ ಮೇಲೆ ಹಣೆಯಿಟ್ಟ. ಎದ್ದು, "ಕುಣಿ ಅಪ್ಪನ ಮಗ್ಗಲಕ," ಎಂದಷ್ಟೇ ಹೊರಗಿನವರಿಗೆ ಹೇಳಿದ.

ಅಯ್ಯನವರು ಕಣ್ಣೊರೆಸಿಕೊಂಡು ಜೋಳಿಗೆಗೆ ಕೈಹಾಕಿದರು. "ಹೊಸ ಲಿಂಗ ಐತಿ ನನ್ನ ಹತ್ರ. ಅದನ್ನ ಇಡತೀನಿ ತಗೋವ್ವಾ."

"ಹೊಸಾದು ಬ್ಯಾಡ್ರಿ," ಎಂದಳು ಸಕ್ಕುಬಾಯಿ. "ನಾ ಎಷ್ಟ ಹೇಳಿದ್ರೂ ಹೊಸಾದು ಕಟ್ಟಿಕೊಳ್ಳಲಿಲ್ಲ. ಅದು ಅಲ್ಲೇ ಐತಿ, ಹೊಸಾದು ಕಟ್ಟಿದ್ರ ಅದನ್ನ ನಾನ ಬಿಟ್ಟಂಗ ಅಂತಿದ್ರು."

ಅವಳು ಸೆರಗಿನ ಒಳಗಿಂದ ತನ್ನ ಲಿಂಗವನ್ನು ಬಿಚ್ಚಿದಳು.

"ದಿನಾ ಮುಂಜಾನೆ ನಾ ಇದನ್ನ ಅಂಗೈಯಾಗ ಇಟ್ಕೊಂಡು ಕುಂತ್ರ, ಎದುರಿಗೆ ಬರೇ ಅಂಗೈ ಚಾಚಿ ಕುಂಡ್ರತಿದ್ರು. ಇದನ್ನ ನೋಡ್ಕೋತ ಕುಂಡ್ರತಿದ್ರು. ಇದು ಅವರದೂ ಹೌದರಿ. ಹೊಸಾದು ನನಗ ಕಟ್ಟರಿ."

ಅಯ್ಯನವರು ಜೋಳಿಗೆಯಿಂದ ಕೈ ಹೊರತೆಗೆದರು. ಹೀಗೆ ಯಾರೂ ಅವರನ್ನು ಕೇಳಿರಲಿಲ್ಲ. ಆಮೇಲೆ ಮುರಗೆಪ್ಪನ ಎಡಗೈ ಬಿಡಿಸಿ, ಅವಳು ಕೊಟ್ಟದ್ದನ್ನು ಅದರಲ್ಲಿಟ್ಟು, ಮೇಲೊಂದು ಬಿಲ್ವಪತ್ರೆ ಇಟ್ಟರು. ಅಂಗಳದಲ್ಲಿ ತಾಳ ಮತ್ತೆ ಶುರುವಾಯಿತು.

*

ಮಣ್ಣು ಕೊಟ್ಟು ಬಂದವರು ಜಳಕಕ್ಕೆ ಹೊಳೆಗೆ ಇಳಿದರು. ಬೇಸಿಗೆಯ ಹೊಳೆ ತಳ ಕಂಡಿತ್ತು. ಹೆಂಗಸರು ಸಕ್ಕುಬಾಯಿಯ ತಲೆಯ ಮೇಲೆ ಒಂದು ಕೊಡ ಸುರಿದು, ದಂಡೆಯ ಮೆಟ್ಟಿಲಲ್ಲಿ ಕೂರಿಸಿದರು. ಹಟ ಹಿಡಿದು ಬಂದಿದ್ದ ಸುಗಂಧಾಬಾಯಿ ಅವಳ ಪಕ್ಕದಲ್ಲಿ ಕುಳಿತಳು.

ಒಬ್ಬೊಬ್ಬರಾಗಿ ಎಲ್ಲರೂ ಮೇಲೆ ಬಂದು ಅರಿವೆ ಹಿಂಡಿಕೊಂಡು ಹೊರಟರು. ಧನಪಾಲ ಬರಲಿಲ್ಲ. ಪ್ಯಾಂಟನ್ನು ಮೊಣಕಾಲ ತನಕ ಮಡಚಿ, ಮುಳುಗದೆ, ಮೈ ತೊಳೆಯದೆ, ಕೆಳಗಿನ ಓಣಿಯ ಕಡೆಯ ನೀರಿನಲ್ಲಿ ನಿಂತಿದ್ದ. ಒಂದು ಕಾಲನ್ನು ಮುಂದಿಟ್ಟು, ಎಳೆದು, ನಿಂತು, ಮತ್ತೊಂದನ್ನು ಎಳೆಯುತ್ತಿದ್ದ.

ಸಕ್ಕುಬಾಯಿ ಬಹಳ ಹೊತ್ತು ಅವನನ್ನು ನೋಡಿದಳು.

"ಅಲ್ಲಲ್ಲೊ, ಧನಪಾಲ," ಎಂದು ಕೊನೆಗೆ ಕೂಗಿದಳು. "ಇನ್ನೂ ಈ ಕಡೆ ಬಾ. ಬೇವಿನ ಬೊಡ್ಡಿ ನೇರಕ್ಕ. ಸಾವಕಾಶ ಎಳಿ."

ಅವನು ತಲೆಯಾಡಿಸಿ ಈಚೆ ಸರಿದ. ಸುಗಂಧಾಬಾಯಿಯ ಎಡಗೈ ಮಡಿಲಲ್ಲಿ, ಬೆರಳು ಬಿಚ್ಚಿ, ಮೇಲ್ಮುಖವಾಗಿ ತೆರೆದೇ ಇತ್ತು.