ಕಟ್ಟಿಸಿದಳೋ, ಕಟ್ಟಿಸಿದನೋ

ಗುಡ್ಡದ ಮೇಲಿನ ಕೋಟೆಯಲ್ಲಿ ಈಗ ಉಳಿದಿರುವುದು ಒಂದು ಹೆಬ್ಬಾಗಿಲು, ಛಾವಣಿ ಕುಸಿದ ಮಸೀದಿ, ಮೂರೇ ಗೋಡೆಯ ಸೆರೆಮನೆ ಮತ್ತು ಬಂಡೆ ಕೊರೆದು ಮಾಡಿದ ಆಳದ ನೀರಿನ ತೊಟ್ಟಿ. ಆರುನೂರು ವರ್ಷದ ಹಿಂದೆ ಕೋಟೆಯನ್ನು ಯಾರು, ಯಾಕೆ ಕಟ್ಟಿಸಿದರೆಂದು ತೊಟ್ಟಿಯ ಒಳಗೋಡೆಯಲ್ಲಿ ಪಾರಸಿ ಭಾಷೆಯಲ್ಲಿ ಕೆತ್ತಿದೆ. ಅದನ್ನು ಮೊದಲು ಓದಿದವನು, ಸದಾ ಮಸಿ ಮೆತ್ತಿದ ಕೈಯಿಂದಾಗಿ ಎಲ್ಲರೂ ಮಸಿಕೈ ಎನ್ನುತ್ತಿದ್ದ ಜವಾನ.

ಕಲ್ಲಿಗೆ ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಕ್ಷರದ ಅಚ್ಚು ತೆಗೆಯುವುದು ಮ್ಯೂಸಿಯಮ್ಮಿನಲ್ಲಿ ಅವನ ಕೆಲಸ. ಹೆಬ್ಬಾಗಿಲಿನ ಬರಹವನ್ನು ಅವನೇ ಓದಿ ಅರ್ಥ ಬರೆದುಕೊಟ್ಟ. ಮ್ಯೂಸಿಯಮ್ಮಿಗೆ ಬರುತ್ತಿದ್ದ ಇತಿಹಾಸದ ಪ್ರೊಫೆಸರು ಅದನ್ನು ಸದ್ದಿಲ್ಲದೆ ತಮ್ಮ ಹೆಸರಲ್ಲಿ ಪ್ರಕಟಿಸಿ ಪದಕ ಹಾಕಿಸಿಕೊಂಡರು. ಕೇಳಲು ಹೋದವನಿಗೆ, "ನೀನು ಜವಾನ ಕಣಯ್ಯ, ಜವಾನನ ಕೆಲಸ ಮಾಡು" ಎಂದು ಬಾಗಿಲು ಹಾಕಿದರು. ಆಮೇಲೆ ಸೊಂಟಕ್ಕೆ ಹಗ್ಗ ಬಿಗಿದು, ಬತ್ತಿದ್ದ ತೊಟ್ಟಿಗಿಳಿದು ತೆಗೆದ ಆರು ಹಾಳೆಗಳನ್ನು ಮಸಿಕೈ ಮನೆಯಲ್ಲೇ ಇಟ್ಟುಕೊಂಡ. ತೊಟ್ಟಿ ಮತ್ತೆ ತುಂಬಿತು, ಬರಹ ಮುಳುಗಿತು. ಅವಮಾನ ನುಂಗಿಕೊಂಡೇ ಅವನು ಸತ್ತ.

ಮಗಳು ನುಂಗುವ ಪೈಕಿಯಲ್ಲ. ಅಪ್ಪ ಕಲಿಸಿದ ಪಾರಸಿಯೊಂದಿಗೆ ಅಪ್ಪನ ಕೆಲಸಕ್ಕೇ ಸೇರಿ, ಅದೇ ಮನುಷ್ಯನಿಗೆ ಹಲ್ಲುಕಚ್ಚಿ ನಮಸ್ಕಾರ ಹೇಳುತ್ತ ಹದಿನಾಲ್ಕು ವರ್ಷ ಕಾದಳು.

ಕೊನೆಗೆ, ಕೋಟೆಯ ಬಗ್ಗೆ ಪುಸ್ತಕ ಬರೆಯುತ್ತಿದ್ದ ಪ್ರೊಫೆಸರೇ ಮನೆ ಬಾಗಿಲಿಗೆ ಬಂದರು.

"ನಿಮ್ಮಪ್ಪ ತೆಗೆದಿದ್ದ ತೊಟ್ಟಿ ಹಾಳೆ ಇದ್ಯೇನಮ್ಮ? ಯಾರಿಗೂ ಹೇಳೋದು ಬೇಡ."

"ಇದೆ ಸರ್. ನಾಳೆ ತರ್ತೀನಿ."

ತೊಟ್ಟಿಯ ದುರಸ್ತಿಗೆ ಒಪ್ಪಿಗೆ ಬಂದದ್ದನ್ನು ಅವಳು ಆಫೀಸಿನ ಕಡತದಲ್ಲಿ ನೋಡಿಯಾಗಿತ್ತು; ನೀರು ತೆಗೆದ ದಿನ ಬರಹ ಎಲ್ಲರಿಗೂ ಕಾಣುತ್ತದೆ. ಹಾಳೆಗಳ ಬೆನ್ನಿಗೆ ಅಪ್ಪ ಪೆನ್ಸಿಲಿನಲ್ಲಿ ಹಾಕಿದ್ದ ಕ್ರಮದ ಅಂಕಿ ಅಳಿಸಿ, ಎರಡನ್ನು ಐದು ಮಾಡಿದಳು, ಐದನ್ನು ಎರಡು. ಒಂದರಲ್ಲಿ ಕೋಟೆಯ ಒಡತಿ ಬೇಗಂ ಹೆಸರಿತ್ತು, ಇನ್ನೊಂದರಲ್ಲಿ ಅವಳ ಗಂಡನನ್ನು ಕೊಲ್ಲಿಸಿದ ಮೈದುನನದು. ಪಾರಸಿಯ ಕ್ರಿಯಾಪದಕ್ಕೆ ಹೆಣ್ಣು ಗಂಡಿನ ಗೊಡವೆಯಿಲ್ಲ. ನಮ್ಮಲ್ಲಾದರೆ ಕಟ್ಟಿಸಿದಳು ಎಂದರೆ ಮುಗಿಯಿತು, ನಡುವೆ ಅವನು ನುಸುಳುವಂತಿಲ್ಲ; ಅಲ್ಲಿ ಹೆಸರು ಎಲ್ಲಿ ಕೂತಿತೋ ಅದರ ಮೇಲೆ ಎಲ್ಲ. ಕೋಟೆ ಕಟ್ಟಿಸಿ, ಮೈದುನನನ್ನು ಸೆರೆಯಲ್ಲಿ ಕೊಳೆಹಾಕಿ ಸೇಡು ತೀರಿಸಿಕೊಂಡ ಬೇಗಂ, ಎರಡು ಅಂಕಿ ಬದಲಾದ ಮಾತ್ರಕ್ಕೆ ತಾನೇ ಸೆರೆ ಸೇರಿದಳು. ಮಸಿಕೈ ಮಗಳಿಗೆ ಪಾಪ ಎನಿಸಿತು. ನನ್ನ ಜಾಗದಲ್ಲಿದ್ದಿದ್ದರೆ ಬೇಗಮ್ಮೂ ಇದನ್ನೇ ಮಾಡುತ್ತಿದ್ದಳು ಎಂದುಕೊಂಡಳು.

ಪುಸ್ತಕ ಬಂತು. "ನಾನೇ ಹಗ್ಗ ಹಿಡಿದು ಇಳಿದು ತೆಗೆದ ಅಚ್ಚು" ಎಂದು ಮುನ್ನುಡಿ. ಹೆಬ್ಬಾಗಿಲಿಗೆ ಅಮೃತಶಿಲೆಯ ಫಲಕ, ಅದರಲ್ಲಿ ದಪ್ಪಗೆ "ಕಟ್ಟಿಸಿದನು".

ಈ ಬೇಸಿಗೆ ಪಂಪು ಹಾಕಿ ತೊಟ್ಟಿ ಬರಿದು ಮಾಡಿದರು. ಪಾರಸಿ ಬಲ್ಲ ಹೊಸ ನಿರ್ದೇಶಕಿ ಏಣಿ ಇಳಿದು, ಟಾರ್ಚು ಹಿಡಿದು ಎರಡೆರಡು ಸಲ ಓದಿ ಮೇಲೆ ಬಂದರು. ಸುತ್ತ ಪತ್ರಿಕೆಯವರು, ಅಧಿಕಾರಿಗಳು, ಪ್ರೊಫೆಸರು.

"ಸರ್, ಕಟ್ಟಿಸಿದ್ದು ಬೇಗಂ. ಸೆರೆ ಹಾಕಿದ್ದೂ ಅವಳೇ. ನೀವೇ ಇಳಿದು ನೋಡಿದ್ರಲ್ಲ?"

ಪ್ರೊಫೆಸರು ಮಸಿಕೈ ಮಗಳ ಕಡೆ ತಿರುಗಿದರು. ಅವರಿಗೆ ಅರ್ಥವಾಗಿತ್ತು. ಹಾಳೆ ಕೊಟ್ಟದ್ದು ಇವಳು ಅನ್ನಲಿ ಎಂದು ಅವಳು ಕಾದಳು. ಆಗ ಯಾರ ಹಾಳೆ ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

"ತಪ್ಪು ನಂದೇ," ಎಂದರು ಪ್ರೊಫೆಸರು. "ಒಳಗೆ ಕತ್ತಲು, ಕನ್ನಡಕವೂ ಇರಲಿಲ್ಲ."

ಎಂಥ ದೊಡ್ಡ ಮನಸ್ಸು ಎಂದು ಯಾರೋ ಚಪ್ಪಾಳೆ ತಟ್ಟಿದರು. ದಡ್ಡನೆನಿಸಿಕೊಂಡರೂ ಪರವಾಗಿಲ್ಲ, ಕಳ್ಳನೆನಿಸಿಕೊಳ್ಳಬಾರದು ಎಂದು ಮುದುಕ ನುಣುಚಿಕೊಂಡಿದ್ದ. ಅವಳು ಮುಂದೆ ಬಂದಳು.

"ಅವರು ಇಳಿದೇ ಇಲ್ಲ ಮೇಡಂ," ಎಂದಳು. "ಅಚ್ಚು ತೆಗೆದದ್ದು ನಮ್ಮಪ್ಪ. ಅಂಕಿ ಅದಲುಬದಲು ಮಾಡಿದ್ದು ನಾನು. ಹಾಳೆ ಇವರ ಮನೇಲಿದೆ, ಮೂಲೇಲಿ ಅಪ್ಪನ ಹೆಬ್ಬೆರಳಿನ ಮಸಿ ಇದೆ. ತರಿಸಿ ನೋಡಿ."

ಚಪ್ಪಾಳೆ ನಿಂತಿತು. ಪ್ರೊಫೆಸರು ಕಲ್ಲಿನ ಮೆಟ್ಟಿಲ ಮೇಲೆ ಕೂತರು.

"ಇದಕ್ಕೆ ನಿಮ್ಮ ಕೆಲಸ ಹೋಗುತ್ತಮ್ಮ," ಎಂದರು ನಿರ್ದೇಶಕಿ.

"ಗೊತ್ತು ಮೇಡಂ."

ನಿರ್ದೇಶಕಿ ತಮ್ಮ ಟಿಪ್ಪಣಿ ಪುಸ್ತಕ ತೆರೆದು ಪೆನ್ನು ಹಿಡಿದರು. "ನಿಮ್ಮ ತಂದೆ ಹೆಸರು?"

ಅವಳು ಅಪ್ಪನ ಪೂರ್ತಿ ಹೆಸರು ಹೇಳಿದಳು. ಆಮೇಲೆ ಮೆಟ್ಟಿಲ ಕಡೆ ತಿರುಗಿ ಇನ್ನೊಮ್ಮೆ, ಬಿಡಿಬಿಡಿಯಾಗಿ ಹೇಳಿದಳು.

"ನೀವೂ ಬರ್ಕೊಳ್ಳಿ ಸರ್. ಇಷ್ಟು ವರ್ಷದಲ್ಲಿ ಒಂದ್ಸಲನೂ ಬರೆದಿಲ್ಲ ನೀವು."