ವಿಚಾರಿಸದೆ ಬಿಟ್ಟ ಮನೆ

ಬೆಂಗೇರಿಯ ಗುರುಪಾದನ ಮನೆಯಲ್ಲಿ ಬೆಳಗಿನ ಚಹಾ ಕುದಿಯುವುದೂ ಮಗಳು ಸೌಮ್ಯಾ ತಂಬೂರಿ ಹಿಡಿದು ಷಡ್ಜ ಹಚ್ಚುವುದೂ ಒಂದೇ ಹೊತ್ತಿಗೆ. ಈಚೆಗೆ ಚಹಾ ಮಾತ್ರ ಕುದಿಯುತ್ತಿತ್ತು. ಗಂಟಲು ಕಟ್ಟಿದೆ ಎಂದು ಹುಡುಗಿ ಕೋಣೆ ಸೇರಿಬಿಟ್ಟಿದ್ದಳು. ಕೆಮ್ಮಿಲ್ಲ, ನೆಗಡಿಯಿಲ್ಲ, ಬರೀ ಗಂಟಲು ಹೇಗೆ ಕಟ್ಟಿತು ಎಂದು ಕೇಳಲು ಗುರುಪಾದನಿಗೆ ಪುರುಸೊತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ, ಅದರ ಮೇಲೆ ಸಂಗೀತ ಸಭೆಯ ಸ್ವಾಗತ ಸಮಿತಿಯ ಅಧ್ಯಕ್ಷಗಿರಿ. ರವಿವಾರದ ಸನ್ಮಾನ ಹತ್ತಿರ ಬಂದಂತೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸನ್ಮಾನ ಫಕೀರೇಶ ಗುರೂಜಿಗೆ. ಟಿವಿಯ ಹಾಡಿನ ಸ್ಪರ್ಧೆಯಲ್ಲಿ ತೀರ್ಪುಗಾರನಾಗಿ ಕೂತು, ಮಕ್ಕಳು ಚೆನ್ನಾಗಿ ಹಾಡಿದರೆ ಕಣ್ಣೊರೆಸಿಕೊಳ್ಳುವ ಆ ಗಾಯಕನನ್ನು ನೋಡದ ಮನೆ ಈ ಸೀಮೆಯಲ್ಲಿಲ್ಲ. ಅದೇ ವೇದಿಕೆಯ ಮೇಲೆ ಅವನು ಸೌಮ್ಯಾಳಿಗೆ ಗಂಡಾ ಕಟ್ಟುವವನಿದ್ದ. ಗುರುವಾದವನು ಶಿಷ್ಯೆಯ ಮುಂಗೈಗೆ ಕಟ್ಟುವ ದಾರಕ್ಕೆ ಗಂಡಾ ಎನ್ನುತ್ತಾರೆ. ಕಟ್ಟಿಸಿಕೊಂಡ ಮೇಲೆ ಅವಳು ಬೆಂಗಳೂರಿನ ಅವನ ಮನೆಯಲ್ಲೇ ಇದ್ದು ಕಲಿಯಬೇಕು. ಸಾವಿರ ಹುಡುಗಿಯರಲ್ಲಿ ತನ್ನ ಮಗಳನ್ನು ಆರಿಸಿದ್ದಾನೆಂದು ಗುರುಪಾದ ಊರಿಗೆಲ್ಲ ಕಾರ್ಡು ಹಂಚಿದ್ದ.

ಕಾರ್ಡು ಹಂಚಿ ಮುಗಿಯುವಷ್ಟರಲ್ಲಿ ಒಂದು ವೀಡಿಯೋ ಬಂತು. ಗರಗದ ಸುಕನ್ಯಾ, ಅದೇ ಗುರೂಜಿಯ ಹಳೆಯ ಶಿಷ್ಯೆ, ಮೊಬೈಲಿನ ಮುಂದೆ ಕೂತು ಮಾತಾಡಿದ್ದಳು. ಹಾಡಿನ ರಿಯಾಜು ಮಾಡುವ ಕೋಣೆಯ ಬಾಗಿಲು ಹಾಕಿ ಗುರೂಜಿ ತನ್ನ ಮೈಮೇಲೆ ಬಂದನೆಂದು, ತಾನು ಹೆದರಿ ಕಲ್ಲಾದದ್ದನ್ನೇ ಒಪ್ಪಿಗೆ ಎಂದುಕೊಂಡನೆಂದು ಅತ್ತಿದ್ದಳು. ಹುಬ್ಬಳ್ಳಿ-ಧಾರವಾಡದ ಪ್ರತಿ ಮೊಬೈಲಿನಲ್ಲೂ ಆ ಅಳು ಒಂದೊಂದು ಸಲ ಅತ್ತು ಮುಗಿಯಿತು.

ಸಭೆಯ ಹಿರಿಯ ಕುಬೇರಪ್ಪ ಅವತ್ತೇ ಗುರುಪಾದನ ಮನೆಗೆ ಬಂದ. ಚಹಾ ಕುಡಿಯುತ್ತ ಅಂದ: "ಆತಂದು ತಪ್ಪು ಅಂತ ಕೋರ್ಟ್ ಹೇಳೈತೇನು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ ಹಿರ್ಯಾರು. ನಾಳೆ ಸುಳ್ಳಾತಂದ್ರ ಒಬ್ಬ ಕಲಾವಿದನ ಮರ್ಯಾದಿ ಯಾರು ತಂದು ಕೊಡ್ತಾರ? ಇಷ್ಟ ದಿನ ಆಕಿ ಬಾಯಿಗೆ ಏನಾಗಿತ್ತು? ಎರಡು ಕೈ ಕೂಡಿದ್ರನ ಚಪ್ಪಾಳಿ."

"ಕಪಾಳಕ್ಕ ಹೊಡಿಯಾಕ ಒಂದ ಕೈ ಸಾಕಲ್ರೀ ಕಾಕಾ," ಎಂದಳು ಗುರುಪಾದನ ಹೆಂಡತಿ ಭಾಗ್ಯಶ್ರೀ, ಖಾಲಿ ಕಪ್ಪು ಎತ್ತಿಕೊಳ್ಳುತ್ತ. "ಶಿಕ್ಷಾ ಕೊಡೋದು ಕೋರ್ಟಿನ ಕೆಲಸ, ಖರೇ. ಹಾರ ಹಾಕೋದು ಯಾರ ಕೆಲಸ? ಅದು ನಮ್ಮದಲ್ರೀ. ತೀರ್ಪು ಬರೂತನಕಾ ಹಾರ ತಡದ್ರ ಹೂವು ಬಾಡ್ತಾವ ಅಷ್ಟ."

ಕುಬೇರಪ್ಪ ಗುರುಪಾದನ ಮುಖ ನೋಡಿದ. ಹೆಂಡತಿಯ ಬಾಯಿ ಸ್ವಲ್ಪ ಉದ್ದ ಎಂಬಂತೆ ಗುರುಪಾದ ನಕ್ಕ. ಆದರೆ ಆ ನಗು ಅವನಿಗೇ ರುಚಿಸಲಿಲ್ಲ. ಮಗಳನ್ನು ಕಳಿಸುವವನು ಅವನೇ ತಾನೆ?

ಮರುದಿನ ಅವನು ಕಾರು ಹತ್ತಿ ಗರಗಕ್ಕೆ ಹೋದ. ಅವನ ಮನೆತನದಲ್ಲಿ ಹೆಣ್ಣು ಕೊಡುವುದಿರಲಿ ತರುವುದಿರಲಿ, ಮೊದಲು ಆ ಊರಿನ ಚಹಾದಂಗಡಿಯಲ್ಲಿ ಕೂತು ಮನೆಯ ನಡೆನುಡಿ ವಿಚಾರಿಸುವುದು ಅಪ್ಪ-ಅಜ್ಜಂದಿರಿಂದ ಬಂದ ಪದ್ಧತಿ. ಅದೇ ಪ್ರಕಾರ ಕೂತ, ವಿಚಾರಿಸಿದ. ಹುಡುಗಿ ಹೆಂಥಾಕಿ? ಎಷ್ಟೊತ್ತಿಗೆ ಮನೆಗೆ ಬರ್ತಾಳ? ಗಾಡಿ ಓಡಿಸುತ್ತಾಳೆ, ಜೀನ್ಸ್ ಹಾಕುತ್ತಾಳೆ, ಬಾಯಿ ತುಂಬ ನಗುತ್ತಾಳೆ ಎಂದು ತಿಳಿಯಿತು. ಗುರುಪಾದನಿಗೆ ಅರ್ಧ ಭಾರ ಇಳಿದಂತಾಯಿತು. ಅಷ್ಟಕ್ಕೆ ಇಳಿಯುವ ಭಾರ ಎಂಥದೋ!

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಬಂದು ಎದುರು ಕೂತ. ಖಾದಿ ನೇಯುವ ಶಿದ್ದಪ್ಪ, ಸುಕನ್ಯಾಳ ತಂದೆ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಕೇಳ್ರಿ ಸಾವಕಾರ್ರ, ನೀವೊಬ್ರ ಏನಲ್ಲ. ಬಂದಾವ್ರೆಲ್ಲಾ ನನ್ನ ಮಗಳದ ಕೇಳಿ ಹೋಗ್ತಾರ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನಾನೂ ಮೊದಲು ಆಕೀನ್ನ ಬೈದೆ. ಬಾಯಿ ಇರಲಿಲ್ಲೇನು, ಯಾಕ ಸುಮ್ಮನಿದ್ದಿ ಅಂದೆ. ಗುರುವಿಗೆ ಎದುರಾಡಬ್ಯಾಡ ಅಂತ ಹೇಳಿ ಬಿಟ್ಟು ಬಂದಾಂವ ನೀನ ಅಲ್ಲೇನಪಾ ಅಂದ್ಲು. ನನ್ನ ಹಂತ್ಯಾಕ ಅದಕ್ಕ ಜವಾಬಿಲ್ರೀ. ನಿಮ್ಮ ಹಂತ್ಯಾಕ ಇದ್ರ ಹೇಳ್ರಿ."

ಗುರುಪಾದ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ದಾರಿಯುದ್ದಕ್ಕೂ ಅವನಿಗೆ ಜೀನ್ಸಿನ ಮಾತು ನೆನಪಿತ್ತು, ಶಿದ್ದಪ್ಪನ ಮಾತು ಬೇಡವಾಗಿತ್ತು.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿ, "ಹುಡುಗಿ ಅಷ್ಟೇನು ಸಾದಾ ಇಲ್ಲಂತ," ಎಂದು ಮುಗಿಸಿದ. ಭಾಗ್ಯಶ್ರೀ ಮಡಿಸುತ್ತಿದ್ದ ಸೀರೆ ಕೈಯಲ್ಲೇ ಉಳಿಯಿತು.

"ನೀವು ಮಗಳ್ನ ಕಳಸಾಕತ್ತಿದ್ದು ಗರಗದ ಮನಿಗೇನ್ರೀ? ಬೆಂಗಳೂರಿನ ಆತನ ಮನಿಗೆ. ಹೋಗೋ ಮನಿ ಬಿಟ್ಟು ಅಳಾಕತ್ತಿದ್ದ ಮನಿ ವಿಚಾರಿಸಿ ಬಂದ್ರಲ್ಲ! ಆತನ ನಡತಿ ಯಾರನ್ನ ಕೇಳಿದ್ರಿ?"

ಅವಳು ದನಿ ಇಳಿಸಿದಳು. "ಗುರೂಜಿ ಸೌಮ್ಯಾನ ಹಾಡು ಕೇಳಾಕ ನಮ್ಮ ಮನಿಗೆ ಬಂದ ದಿನ, ನೀವು ಪೇಢೆ ತರಾಕ ಒಳಗ ಹ್ವಾದ್ರಿ. ಉಸಿರು ಹೆಂಗ ಹಿಡೀಬೇಕು ತೋರಸ್ತೀನಿ ಅಂತ ಆತ ಹುಡುಗಿ ಹೊಟ್ಟಿ ಮ್ಯಾಲ ಕೈ ಇಟ್ಟ. ತಗೀಲೇ ಇಲ್ಲ. ಆಕಿ ಗ್ವಾಡಿಗೆ ಹತ್ತೂತನಕಾ ಹಿಂದ ಸರದ್ಲು. ಅವತ್ತಿಂದ ಗಂಟಲಾ ಕಟ್ಟೇತಿ. ದೊಡ್ಡಾವ್ರು, ಕಲಸೋ ರೀತಿ ಇರಬೇಕು ಅಂತ ನಾನೂ ಬಾಗಲದಾಗ ಸುಮ್ಮನ ನಿಂತೆ. ನನ್ನ ಬಾಯಿಗೆ ಮಣ್ಣ ಹಾಕ. ಹೋಗ್ರಿ, ಆಕೀನ್ನ ಕೇಳ್ರಿ."

ಗುರುಪಾದ ಮಗಳ ಬಾಗಿಲಿಗೆ ಹೋದ. ಕೇಳಬೇಕಾದದ್ದು ಬಿಟ್ಟು ಬೇರೆ ಕೇಳಿದ. "ರವಿವಾರ... ಎಲ್ಲಾ ತಯಾರ ಐತೆಲ್ಲವಾ?" ಎಂದ.

"ನೀವು ಹೆಂಗ ಹೇಳ್ತೀರಿ ಹಂಗಪಾ," ಎಂದಳು ಸೌಮ್ಯಾ, ಹೊಸ್ತಿಲು ನೋಡುತ್ತ.

ಅವನು ಅದನ್ನು ಹೂಂ ಎಂದೇ ತಿಳಿದ. ಹಾಗೆ ತಿಳಿಯುವುದು ಎಲ್ಲರಿಗೂ ಅನುಕೂಲವಾಗಿತ್ತು, ಆ ಹುಡುಗಿಯೊಬ್ಬಳನ್ನು ಬಿಟ್ಟು.

ರವಿವಾರ ಸಭಾಭವನ ತುಂಬಿ ಹೊರಗೂ ಜನ ನಿಂತಿದ್ದರು. ವೀಡಿಯೋ ಬಂದ ಮೇಲೆ ಜನ ಕಡಿಮೆಯಾಗಬಹುದೆಂಬ ಸಮಿತಿಯ ಚಿಂತೆ ಸುಳ್ಳಾಯಿತು. ಜನ ಹೆಚ್ಚೇ ಬಂದಿದ್ದರು. ಹಾರ, ಶಾಲು, ಪೇಟ ಎಲ್ಲ ಮುಗಿದವು. ಫಕೀರೇಶ ಮೈಕು ಹಿಡಿದು, "ಬೆಳೆಯೋರಿಗೆ ಕಲ್ಲು ಒಗೆಯೋರು ಇದ್ದೇ ಇರ್ತಾರೆ," ಎಂದು ಕಣ್ಣೊರೆಸಿಕೊಂಡ. ಚಪ್ಪಾಳೆ ಬಿತ್ತು. ಅವನ ಬೆನ್ನ ಹಿಂದೆ, ಬೆಂಗಳೂರಿನಿಂದ ಜೊತೆಗೆ ಕರೆತಂದ ಶಿಷ್ಯೆಯೊಬ್ಬಳು ತಂಬೂರಿ ಮೀಟುತ್ತ ಕೂತಿದ್ದಳು. ಸೌಮ್ಯಾಳಷ್ಟೇ ವಯಸ್ಸು. ಅವಳು ತಲೆ ಎತ್ತಲಿಲ್ಲ.

ಕುಬೇರಪ್ಪ ಸೌಮ್ಯಾಳ ಹೆಸರು ಕೂಗಿದ. ಪದ್ಧತಿಯಂತೆ ಗುರುಪಾದ ಮಗಳ ಕೈಯನ್ನು ಗುರುವಿನ ಕೈಗೆ ಕೊಟ್ಟು, "ನಿಮ್ಮ ಉಡ್ಯಾಗ ಹಾಕೇನ್ರಿ" ಎಂದು ಅವನ ಮಡಿಲಿಗೆ ಒಪ್ಪಿಸಬೇಕು. ಫಕೀರೇಶ ತಾನೇ ಮುಂದಾಗಿ ಅವಳ ಮುಂಗೈ ಹಿಡಿದ. ಸೌಮ್ಯಾ ಕೈ ಹಿಂದಕ್ಕೆಳೆದಳು. ಅವನು ಬಿಡಲಿಲ್ಲ. ಜನರತ್ತ ನಗುತ್ತಲೇ ಹೆಬ್ಬೆರಳಿನಿಂದ ಇನ್ನಷ್ಟು ಒತ್ತಿ ಹಿಡಿದ. ಗುರುಪಾದ ಅದನ್ನು ಒಂದು ಮೊಳ ದೂರದಿಂದ ಕಂಡ.

"ಒಂದ ನಿಮಿಷ ಗುರೂಜಿ. ಹುಡುಗಿಗೆ ಮನಸ್ಸು ಐತೋ ಇಲ್ಲೋ..."

"ಹೆಣ್ಣುಮಕ್ಕಳು ಸುಮ್ಮನಿದ್ದಾರೆ ಅಂದ್ರೆ ಹೂಂ ಅಂತಾನೇ ಅರ್ಥ ಗುರುಪಾದಪ್ಪನವರೇ!" ಎಂದ ಫಕೀರೇಶ ಮೈಕಿನಲ್ಲೇ. ಭವನವೆಲ್ಲ ನಕ್ಕಿತು.

ಇದೇ ಅರ್ಥವನ್ನು ಗುರುಪಾದನೂ ಮನೆಯ ಹೊಸ್ತಿಲಲ್ಲಿ ಹಚ್ಚಿಕೊಂಡು ಬಂದಿದ್ದನಲ್ಲ! ನಾಚಿಕೆಯಿಂದ ಅವನಿಗೆ ಎದುರಿನ ಜನ ಕಾಣದಾದರು, ಮಗಳೊಬ್ಬಳೇ ಕಂಡಳು.

"ಸೌಮ್ಯಾ, ನನ್ನ ಮಾರಿ ನೋಡವಾ. ಬ್ಯಾಡಂದ್ರ ಬ್ಯಾಡ ಅನ್ನು. ನಾ ಅದೀನಿ."

ಸೌಮ್ಯಾ ತಲೆ ಎತ್ತಿ ಅಪ್ಪನ ಮುಖ ನೋಡಿದಳು. "ಬ್ಯಾಡಪಾ."

ಸಣ್ಣ ದನಿ. ಆದರೆ ಮೈಕು ಹತ್ತಿರವಿತ್ತು, ಹೊರಗೆ ನಿಂತವರಿಗೂ ಕೇಳಿತು. ಗುರುಪಾದ ಫಕೀರೇಶನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಈ ಮಾನ ನಮ್ಮ ಸಭಾದ್ದು ಅಂತ ತಿಳೀಬ್ಯಾಡ್ರಿ. ಅಧ್ಯಕ್ಷ ಅಂತ ನಾ ಕೊಟ್ಟಿದ್ದು, ತಪ್ಪಾತು," ಎಂದು ಮಗಳ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲಿಳಿದ. "ಕೋರ್ಟ್ ಹೇಳೂಕಿನ ಮೊದಲ ನೀವ ಹೇಳ್ತೀರೇನು!" ಎಂದು ಯಾರೋ ಕೂಗಿದರು. "ಹೋಗ್ಲಿ ಬಿಡ್ರಿ, ಹುಡುಗಿ ಬ್ಯಾಡ ಅಂದಾಳ," ಎಂದು ಇನ್ನೊಬ್ಬರು. ಮುಂದಿನ ಸಾಲಿನಿಂದ ಭಾಗ್ಯಶ್ರೀ ಎದ್ದು ಬಂದಳು.

ಆ ಗದ್ದಲದಲ್ಲಿ ತಂಬೂರಿ ನಿಂತದ್ದು ಮೊದಲು ಯಾರಿಗೂ ತಿಳಿಯಲಿಲ್ಲ.

ಫಕೀರೇಶ ಹಿಂತಿರುಗಿ, "ಏಯ್, ನುಡಿಸು!" ಎಂದ. ಟಿವಿಯಲ್ಲಿ ಆ ದನಿಯನ್ನು ಯಾರೂ ಕೇಳಿರಲಿಲ್ಲ. ಹುಡುಗಿ ತಂಬೂರಿಯನ್ನು ನಿಧಾನವಾಗಿ ಜಮಖಾನದ ಮೇಲೆ ಮಲಗಿಸಿದಳು. ಎದ್ದಳು. ಅವನ ಪಕ್ಕದಿಂದಲೇ ಹಾದು ಮೆಟ್ಟಿಲಿಳಿದು, ಬರಿಗಾಲಲ್ಲಿ ಓಡುವಂತೆ ನಡೆದು ಬಂದು ಭಾಗ್ಯಶ್ರೀಯ ಸೆರಗು ಹಿಡಿದುಕೊಂಡಳು.

"ಅಮ್ಮಾ, ನಾನೂ ನಿಮ್ಮ ಜೊತೆ ಬರ್ಲಾ?"

ಭಾಗ್ಯಶ್ರೀ ಗಂಡನನ್ನು ನೋಡಿದಳು. ಗುರುಪಾದ ಭವನದ ದೊಡ್ಡ ಬಾಗಿಲನ್ನು ಪೂರ್ತಿ ತೆರೆದು ಹಿಡಿದು, ಮೂವರೂ ದಾಟುವ ತನಕ ಅಲ್ಲೇ ನಿಂತ.