ಇಪ್ಪತ್ತನೇ ಪತ್ರ

ಸತ್ತ ಅಮ್ಮನ ರವಿಕೆಯ ಎರಡೂ ಪಕ್ಕಗಳನ್ನು ಎರಡೆರಡು ಬೆರಳಷ್ಟು ಒಳಕ್ಕೆ ಹಿಡಿದು ಮಗಳು ಹೊಲಿಯುತ್ತಿದ್ದಳು. ಆಸ್ಪತ್ರೆಯ ಆರು ವಾರಗಳಲ್ಲಿ ಅಮ್ಮ ಅಷ್ಟು ಇಳಿದುಹೋಗಿದ್ದಳು. ಶವದ ಗಾಡಿ ಬರುವುದಕ್ಕೆ ಇನ್ನು ಎರಡೇ ಗಂಟೆ.

"ಯಾರು ನೋಡ್ತಾರೆ, ಬಿಡೇ," ಎಂದಳು ಚಿಕ್ಕಮ್ಮ, ಅಮ್ಮನ ಒಬ್ಬಳೇ ತಂಗಿ.

"ಸಡಿಲ ಬಟ್ಟೇಲಿ ಅವಳು ಯಾವತ್ತಾದ್ರೂ ಶಾಲೆಗೆ ಹೋಗಿದ್ದು ನೋಡಿದ್ದೀಯಾ?"

ಮಗಳು ದಾರವನ್ನು ಹಲ್ಲಿನಿಂದ ಕಡಿದಳು. ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಅಂಗಡಿಯಲ್ಲಿ ಕೂತು ಊರವರ ಬಟ್ಟೆಯನ್ನೆಲ್ಲ ಅವರವರ ಮೈಗೆ ಸರಿಮಾಡಿದ ಕೈ ಅದು. ಇವತ್ತು ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತ್ತು.

ರವಿಕೆ ತೊಡಿಸಿ, ಸೀರೆ ಉಡಿಸಿ ಅಮ್ಮನನ್ನು ಮುಂದಿನ ಕೋಣೆಯಲ್ಲಿ ಮಲಗಿಸುವ ಹೊತ್ತಿಗೆ ಬಾಡಿಗೆ ಕುರ್ಚಿಗಳೆಲ್ಲ ತುಂಬಿದ್ದವು. ಕಾಂಪೌಂಡಿನ ಪಕ್ಕದಲ್ಲಿ ಕೊನೇ ತರಗತಿಯ ಮಕ್ಕಳು ಒತ್ತೊತ್ತಾಗಿ ನಿಂತಿದ್ದರು. ಕೂರಿ ಎಂದರೂ ಕೂರುತ್ತಿರಲಿಲ್ಲ, ಮನೆಗೆ ಹೋಗಿ ಎಂದರೂ ಹೋಗುತ್ತಿರಲಿಲ್ಲ.

ಬೀದಿಯ ಕೊನೆಯ ಶಾಲೆಗೆ ಅಮ್ಮ ಇಪ್ಪತ್ತೈದು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದಳು. ಅವಳು ಬರುವ ಮುಂಚೆ ಅಲ್ಲಿಂದ ಕಾಲೇಜಿಗೆ ಹೋದವರನ್ನು ಎಣಿಸಲು ಒಂದು ಕೈಯ ಬೆರಳೇ ಹೆಚ್ಚು. ಶಾಲೆ ಮುಗಿದರೆ ನೆಟ್ಟಗೆ ಗೋದಾಮಿಗೆ, ಇಲ್ಲವೇ ಯಾರದೋ ಮನೆಯ ಕಸಮುಸುರೆಗೆ. ಅಮ್ಮ ಒಂದು ಕಟ್ಟಳೆ ತಂದಳು. ಹೋಗುವವರಿರಲಿ ಹೋಗದವರಿರಲಿ, ಕೊನೇ ತರಗತಿಯ ಪ್ರತಿಯೊಬ್ಬರೂ ಕಾಲೇಜಿಗೊಂದು ಪತ್ರ ಬರೆಯಬೇಕು: ನಾನು ಯಾರು, ಏನು ಕಲಿಯಬೇಕು, ಯಾಕೆ. ಸರಿಬರುವತನಕ ಪತ್ರ ವಾಪಸ್ಸು. ನಾಲ್ಕು ಸಲ ವಾಪಸ್ಸಾಗುವುದು ಮಾಮೂಲು. ಬೇಸತ್ತು ಮನೆಯಲ್ಲಿ ಕೂತವರಿದ್ದರೆ ಸಂಜೆ ಅವಳೇ ಅವರ ಬಾಗಿಲಿಗೆ ಹೋಗುತ್ತಿದ್ದಳು. ಬೈಗುಳವಿಲ್ಲ, ಉಪದೇಶವಿಲ್ಲ. ಮೆಟ್ಟಿಲ ಮೇಲೆ ಕೂತು ಉಳಿದವರ ಪತ್ರ ತಿದ್ದುತ್ತಿದ್ದಳು, ಒಳಗಿನ ಮಗು ಹೊರಗೆ ಬರುವತನಕ. ಬರಬರುತ್ತ ಬೇರೆ ಟೀಚರುಗಳೂ ಪಾಳಿ ಹಾಕಿಕೊಂಡು ಮೆಟ್ಟಿಲು ಹಿಡಿದರು. ಕಾಲೇಜು ಸೇರಿದವರು ಶನಿವಾರ ಬಂದು ಕಿರಿಯರ ಪಕ್ಕ ಕೂತು ಓದಿಸಿದರು. ಊರು ಅವಳಿಗೆ 'ಮೆಟ್ಟಿಲು ಮೇಡಂ' ಎಂದೇ ಹೆಸರಿಟ್ಟಿತು.

"ಮೊದಲನೇ ಮೆಟ್ಟಿಲು ನಮ್ಮನೇದೇ," ಎನ್ನುತ್ತಿದ್ದಳು ಒಬ್ಬ ನರ್ಸು. ಡ್ಯೂಟಿಯಿಂದ ನೇರ ಬಂದಿದ್ದಳು, ಸಮವಸ್ತ್ರದಲ್ಲೇ. ಆರು ಸಲ ಪತ್ರ ವಾಪಸ್ಸಾದಾಗ ಸಿಟ್ಟಿಗೆದ್ದು ಮನೆಬಿಟ್ಟು ಓಡಿಹೋದದ್ದು, ದೂರದ ಊರಿನ ಬಸ್ ನಿಲ್ದಾಣದಲ್ಲಿ ಯಾರೋ ಗುರುತು ಹಿಡಿದು ಕರೆತಂದದ್ದು, ಇನ್ನು ಶಾಲೆಯ ಕಡೆ ತಲೆಹಾಕುವುದಿಲ್ಲ ಎಂದು ಕೂತದ್ದು, ಎಲ್ಲವನ್ನೂ ಹೇಳಿದಳು. "ಹನ್ನೊಂದು ದಿನ ಕೂತರು ಮೇಡಂ. ನಮ್ಮಪ್ಪ ರೇಗಿ, ಮೆಟ್ಟಿಲಿಗೆ ಬಾಡಿಗೆ ಕೊಡ್ತೀರೇನ್ರೀ ಅಂದ. ಮಗಳನ್ನ ಕಳಿಸಿ, ಈಗಲೇ ಖಾಲಿ ಮಾಡ್ತೀನಿ ಅಂದರು."

ಕುರ್ಚಿಗಳಲ್ಲಿದ್ದವರು ಅಳುತ್ತಲೇ ನಕ್ಕರು. ಯಾರೋ ಒಬ್ಬರು, ಒಂದು ಮಗುವನ್ನೂ ಕೈಬಿಟ್ಟವರಲ್ಲ ಪುಣ್ಯಾತ್ಗಿತ್ತಿ, ಎಂದರು.

ಮಗಳು ಎದ್ದು ಒಳಗೆ ಹೋದಳು. ನೀರು ಕುಡಿಯಲು ಲೋಟ ಎತ್ತಿಕೊಂಡು, ತುಂಬಿಸದೆ ಹಾಗೇ ಹಿಡಿದು ನಿಂತಳು.

*

ಅವಳಿಗೆ ಆಗ ಹದಿನೆಂಟು. ಕಾಲೇಜು ಸೇರಿ ನಾಲ್ಕೇ ತಿಂಗಳು. ಮೂರು ಪರೀಕ್ಷೆಗಳಲ್ಲಿ ಫೇಲಾಗಿ, ಹಾಸ್ಟೆಲಿನ ಹಾಸಿಗೆ ಸುತ್ತಿಕೊಂಡು ಮನೆಗೆ ಬಂದಿದ್ದಳು. ಇನ್ನು ಹೋಗೋದಿಲ್ಲ ಎಂದಷ್ಟೇ ಹೇಳಿ ಕೋಣೆಯ ಬಾಗಿಲು ಮುಚ್ಚಿಕೊಂಡಳು.

ಸಂಜೆ ಅಮ್ಮನ ಹೆಜ್ಜೆ ಬಾಗಿಲತನಕ ಬಂತು. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು. ಮಗಳು ಹಾಸಿಗೆಯ ಅಂಚಿನಲ್ಲಿ ಉಸಿರು ಬಿಗಿಹಿಡಿದು ಕೂತಳು. ಈಗ ಬೈತಾಳೆ, ಈಗ ಪುಸ್ತಕ ತೆಗಿ ಅಂತಾಳೆ, ಪರವಾಗಿಲ್ಲ ಮತ್ತೆ ಬರಿ ಅಂತಾಳೆ. ನೆರಳು ಬಹಳ ಹೊತ್ತು ಇತ್ತು. ಆಮೇಲೆ ಇರಲಿಲ್ಲ.

ಮಾರನೇ ದಿನವೂ ಹಾಗೇ, ಅದರ ಮಾರನೇ ದಿನವೂ. ಅಮ್ಮ ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೆ ಬರುತ್ತಿದ್ದಳು, ಶಾಲೆಯಲ್ಲೇನೋ ತೊಂದರೆ ಎನ್ನುತ್ತಿದ್ದಳು. ಎಂಟನೇ ದಿನ ಮಗಳು ಕಾಲೇಜಿಗೆ ಹೋಗಿ ಹೆಸರು ತೆಗೆಸಿ ಬಂದಳು. ಅಮ್ಮ ಆ ಕಾಗದ ನೋಡಿ ಬಹಳ ಮೆತ್ತಗೆ, "ಬೇಡ ಅಂದ್ರೆ ಬೇಡ ಕಣಮ್ಮ. ಹೊಲಿಗೆ ಚೆನ್ನಾಗಿ ಬರುತ್ತಲ್ಲ ನಿಂಗೆ," ಎಂದಳು.

ಊರಿನ ಮಕ್ಕಳಿಗೆಲ್ಲ ಮತ್ತೆ ಬರಿ ಎನ್ನುವವಳು ತನಗೊಬ್ಬಳಿಗೆ ಬೇಡ ಎಂದಳಲ್ಲ, ತನ್ನಿಂದ ಆಗದು ಎಂದು ತೀರ್ಮಾನಿಸಿಬಿಟ್ಟಳಲ್ಲ. ಆ ಮೆತ್ತಗಿನ ಮಾತನ್ನು ಮಗಳು ಬೈಗುಳಕ್ಕಿಂತ ಜೋಪಾನವಾಗಿ ಇಟ್ಟುಕೊಂಡಳು.

*

ಸ್ಮಶಾನದಲ್ಲಿ ಎಲ್ಲ ಮುಗಿಸಿ ಬಂದಾಗ ನಾಲ್ಕು ಗಂಟೆ. ಅಮ್ಮ ಮಲಗಿದ್ದ ಜಾಗವನ್ನು ಯಾರೋ ತೊಳೆದಿದ್ದರು. ನೆಲ ಆಗಲೇ ಒಣಗಿತ್ತು. ಆದರೂ ಒಳಗೆ ಹೊರಗೆ ಓಡಾಡುವವರೆಲ್ಲ ಅಷ್ಟು ಜಾಗ ಬಿಟ್ಟು ಸುತ್ತಿಕೊಂಡೇ ಹೋಗುತ್ತಿದ್ದರು.

ಮಕ್ಕಳು ಇನ್ನೂ ಕಾಂಪೌಂಡಿನಲ್ಲೇ ಇದ್ದರು. ಅವರ ಕ್ಲಾಸ್ ಟೀಚರ್, ಕೆಲಸಕ್ಕೆ ಸೇರಿ ಎರಡು ವರ್ಷವಾದ ಚಿಕ್ಕ ಹುಡುಗಿ, ಬಾಗಿಲಲ್ಲಿ ನಿಂತು ಸೆರಗಂಚಿನಂತೆ ಮಾತನ್ನು ಮಡಿಸಿ ಬಿಚ್ಚಿ ಕೊನೆಗೂ ಹೇಳಿದಳು. ಮೇಡಂ ಮಕ್ಕಳ ಪತ್ರಗಳನ್ನು ಆಸ್ಪತ್ರೆಗೆ ತರಿಸಿಕೊಂಡಿದ್ದರಂತೆ. ಮೂವತ್ತೊಂದು ಪತ್ರ. ಕಾಲೇಜಿಗೆ ಕಳಿಸಲು ನಾಳೆಯೇ ಕೊನೇ ದಿನ. ಇವತ್ತು ಕೇಳಬಾರದಿತ್ತು.

ಆಸ್ಪತ್ರೆಯ ಚೀಲದಲ್ಲಿ, ಟವೆಲ್ಲಿನ ಕೆಳಗೆ, ಕಟ್ಟು ಸಿಕ್ಕಿತು. ಹತ್ತೊಂಬತ್ತು ಪತ್ರಗಳ ಅಂಚಿನ ತುಂಬ ಅಮ್ಮನ ಪೆನ್ಸಿಲ್ ಬರಹ. ಇಪ್ಪತ್ತನೆಯದರಲ್ಲಿ ಎರಡನೇ ಸಾಲಿನ ಕೆಳಗೆ ಎಳೆದ ಗೆರೆ ಅರ್ಧಕ್ಕೇ ಜಾರಿ ಹಾಳೆಯ ಆಚೆ ಹೋಗಿತ್ತು.

"ಸಾಯೋ ಹಾಸಿಗೇಲೂ ಊರವರ ಮಕ್ಕಳೇ," ಎಂದಳು ಮಗಳು. "ನನ್ನ ಬಾಗಿಲು ತಟ್ಟೋಕೆ ಮಾತ್ರ ಕೈ ಬರಲಿಲ್ಲ."

ಚಿಕ್ಕಮ್ಮ ಪಕ್ಕದಲ್ಲಿ ಕೂತಳು. "ನೀನು ಹಾಸಿಗೆ ಸುತ್ಕೊಂಡು ಬಂದೆಯಲ್ಲ, ಅವತ್ತು ಬೆಳಿಗ್ಗೇನೇ ಕಣೇ ಆ ನರ್ಸು ಹುಡುಗಿ ಕಾಣೆಯಾಗಿದ್ದು. 'ನಾನೇ ನೂಕಿದೆ, ಅದು ಎಲ್ಲಿ ಬಾವಿಗೆ ಬಿತ್ತೋ' ಅಂತ ನಿಮ್ಮಮ್ಮ ಊರೂರು ಅಲೆದಳು. ನಿನ್ನ ಬಾಗಿಲ ಮುಂದೆ ನಿಂತರೆ ಕೈ ಮೇಲಕ್ಕೇ ಏಳ್ತಿರಲಿಲ್ಲವಂತೆ. ಇವಳನ್ನೂ ನೂಕಿ, ಇವಳೂ ಹೋಗಿಬಿಟ್ಟರೆ ಅಂತ."

"ಆ ಹುಡುಗಿ ಸಿಕ್ಕಳಲ್ಲ."

"ಒಂಬತ್ತನೇ ದಿನ ಸಿಕ್ಕಳು. ನೀನು ಎಂಟನೇ ದಿನ ಹೆಸರು ತೆಗೆಸಿ ಬಂದಿದ್ದೆ."

ಮಗಳು ಪತ್ರಗಳ ಕಟ್ಟನ್ನು ಮಡಿಲಿಗೆ ಎಳೆದುಕೊಂಡಳು.

"ಅಲ್ಲೀವರೆಗೂ ಅವಳು ಬರೀ ವಾಪಸ್ ಕಳಿಸೋಳು. ಪಕ್ಕ ಕೂತ್ಕೊಳ್ಳೋದು ಕಲಿತಿದ್ದು ಆಮೇಲೆ. ನಿನ್ನ ಹತ್ರ ಮಾತೆತ್ತೋಕೆ ಮುಖ ಇಲ್ಲ ಅಂತಿದ್ದಳು. ನೀನು ಹೊಲಿಗೇಲಿ ಸುಖವಾಗಿದ್ದೀಯ ಅಂತ ನಂಬ್ಕೊಂಡಳು. ನೀನೂ ಹಾಗೇ ನಂಬಿಸಿದೆ."

"ನಾನು ಚಿಲಕ ಹಾಕಿರಲಿಲ್ಲ, ಚಿಕ್ಕಮ್ಮ," ಎಂದಳು ಮಗಳು. "ಎಂಟು ದಿನವೂ ಹಾಕಿರಲಿಲ್ಲ."

ಚಿಕ್ಕಮ್ಮ ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಬೆಳಗಿನಿಂದ ಒಂದು ಹನಿ ಹಾಕದ ಮಗಳು ಆಗ ಅತ್ತಳು, ಸದ್ದಿಲ್ಲದೆ, ಮಡಿಲಲ್ಲಿದ್ದ ಪತ್ರಗಳು ನೆನೆಯದಂತೆ ಒಂದು ಕೈಯಿಂದ ದೂರ ಹಿಡಿದು.

ಟೀಚರ್ ಹೆದರಿಕೊಂಡು ಹತ್ತಿರ ಬಂದಳು. "ಅಕ್ಕಾ, ಉಳಿದಿದ್ದನ್ನ ಹೇಗಿದೆಯೋ ಹಾಗೇ ಕಳಿಸಿಬಿಡ್ತೀವಿ. ಪಾಪ, ಮಕ್ಕಳೂ ಸೋತಿದ್ದಾರೆ. ಇದೊಂದು ಸಲ ಬಿಟ್ಟುಬಿಡೋಣ."

ಮಗಳು ಮುಖ ಒರೆಸಿಕೊಂಡಳು. "ಪಾಪ ಅಂತ ಬಿಟ್ಟರೆ ಏನಾಗುತ್ತೆ ಅನ್ನೋದು ನಂಗೊತ್ತಮ್ಮ. ಮಕ್ಕಳನ್ನ ಕರಿ. ಮೊದಲು ಏನಾದ್ರೂ ತಿನ್ಲಿ."

ಅಕ್ಷರದ ತಪ್ಪು ನೋಡುವ ಕೆಲಸ ಟೀಚರಿಗೆ ಬಿಟ್ಟು ಅವಳು ಇಪ್ಪತ್ತನೇ ಪತ್ರ ಓದಿದಳು. ಎರಡು ಸಲ ಓದಿ ಹೆಸರು ಕೂಗಿದಳು. ಸಣಕಲು ಹುಡುಗಿಯೊಬ್ಬಳು ಬಂದು ನಿಂತಳು, ಅತ್ತು ಕಣ್ಣು ಊದಿಸಿಕೊಂಡು.

"ದೇಶ, ಸಮಾಜ, ಸೇವೆ ಎಲ್ಲ ಬರ್ದಿದ್ದೀಯ. ಬಟ್ಟೆ ದುಬಾರಿದೇ, ಆದರೆ ಅಳತೆ ಇನ್ಯಾರದೋ. ನೀನು ಎಲ್ಲಿ ಇದರಲ್ಲಿ?"

ಹುಡುಗಿ ನೆಲ ನೋಡಿದಳು. ಅಪ್ಪ ಲಾರಿ ರಿಪೇರಿ ಮಾಡುತ್ತಾನೆ, ಅವನಿಗೆ ಸರಿಯಾಗಿ ಕಣ್ಣು ಕಾಣದ್ದರಿಂದ ಸಣ್ಣ ಬೋಲ್ಟುಗಳನ್ನೆಲ್ಲ ತಾನೇ ಬಿಗಿಯುತ್ತೇನೆ ಎಂದು ಕೇಳಿಯೂ ಕೇಳಿಸದಂತೆ ಹೇಳಿದಳು. ಅದನ್ನೆಲ್ಲ ಹೇಗೆ ಬರೆಯುವುದು?

"ಅದನ್ನೇ ಬರಿ."

"ಮೂರು ಸಲ ಆಯ್ತಕ್ಕ. ನನ್ನ ಕೈಲಿ ಆಗಲ್ಲ."

"ಆಗುತ್ತೆ. ಮತ್ತೊಂದು ಸಲ. ನಾನು ಇಲ್ಲೇ ಕೂತಿರ್ತೀನಿ."

ಸಂಜೆ ಕುರ್ಚಿಯವನು ಗಾಡಿ ತಂದು ನಿಲ್ಲಿಸಿದ. ಕುರ್ಚಿಗಳ ತುಂಬ ಮಕ್ಕಳು, ತೊಡೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದರು. ಅವನು ಖಾಲಿಯಿದ್ದವನ್ನಷ್ಟೇ ಸದ್ದಾಗದಂತೆ ಒಂದೊಂದಾಗಿ ಎತ್ತಿಕೊಂಡು ಹೋದ. ಸಣಕಲು ಹುಡುಗಿಗೆ ತೊಡೆಯ ಮೇಲೆ ಬರೆದು ಅಭ್ಯಾಸವಿರಲಿಲ್ಲವೋ ಏನೋ, ಒಳಗೆ ಬಂದು ಸುತ್ತ ನೋಡಿದಳು. ಕೋಣೆಯ ನಡುವೆ, ಎಲ್ಲರೂ ಬಳಸಿಕೊಂಡು ಹೋಗುತ್ತಿದ್ದ ಆ ಖಾಲಿ ಜಾಗದಲ್ಲಿ, ಕಾಗದ ಹರಡಿ ಬೋರಲು ಮಲಗಿದಳು.

ಚಿಕ್ಕಮ್ಮ ಏನೋ ಹೇಳಲು ಬಾಯಿ ತೆರೆದಳು. ಮಗಳು ಕೈಯೆತ್ತಿ ತಡೆದಳು.

ಹುಡುಗಿ ಎರಡೂ ಪಾದಗಳನ್ನು ಮೇಲಕ್ಕೆ ಮಡಿಸಿ, ಒಂದಕ್ಕೊಂದು ತಾಗಿಸಿ ಅಲ್ಲಾಡಿಸುತ್ತ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಮೊದಲ ಸಾಲನ್ನು ಪೂರ್ತಿ ಹೊಡೆದುಹಾಕಿದಳು.